ಮನೆಯಲ್ಲಿ ಕೊರತೆಯಿಲ್ಲದಿದ್ದರೂ ಗಾರ್ಮೆಂಟ್ಸ್ ಕೆಲಸವೇಕೆ?

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಎರಡು ಎಕರೆ ಕಬ್ಬಿದೆ, ನನ್ನ ಹೆಸರಿನಲ್ಲಿ ಡೇರಿಗೆ ಹಾಲು ಹಾಕುತ್ತೇವೆ, ತಾಯಿಗೆ ಗೃಹಲಕ್ಷ್ಮಿಯ 2000 ರೂಪಾಯಿ ಬರುತ್ತದೆ. ಹೀಗಿದ್ದರೂ ನನ್ನ ಹೆಂಡತಿ ನಾಲ್ಕು ವರ್ಷದಿಂದ ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಾಳೆ. ಬಿಡು ಎಂದರೆ ಕೇಳುವುದಿಲ್ಲ. ಇದು ಹಣದ ಆಸೆಯೇ?

ಉತ್ತರ: ನೀವು ಎಣಿಸಿದ ಮೂರು ವರಮಾನಗಳಲ್ಲಿ ಒಂದಾದರೂ ನಿಮ್ಮ ಪತ್ನಿಯ ಕೈಗೆ ನೇರವಾಗಿ ಸೇರುತ್ತದೆಯೇ ಎಂದು ಮೊದಲು ನೋಡಿ. ಕಬ್ಬಿನ ಹಣ ನಿಮ್ಮ ಖಾತೆಗೆ ಬರುತ್ತದೆ. ಹಾಲು ಕರೆಯುವವರು ಯಾರೇ ಇರಲಿ, ಡೇರಿಯ ಬಟವಾಡೆಯೂ ನಿಮ್ಮದೇ. ಗೃಹಲಕ್ಷ್ಮಿಯ ಹಣ ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದವರಿಗೆ ಸಲ್ಲುವುದರಿಂದ, ಅತ್ತೆ ಇರುವ ಮನೆಯಲ್ಲಿ ಅದು ಸಾಮಾನ್ಯವಾಗಿ ಸೊಸೆಯ ಪಾಲಿಗೆ ಬರುವುದಿಲ್ಲ. ಅವರ ಹೆಸರಿಗೆ ಬರುವುದು ತಿಂಗಳ ಸಂಬಳವೊಂದೇ.

ಹೆಣ್ಣುಮಕ್ಕಳು ಮೊದಲ ದಿನ ಕಂಪನಿ ವ್ಯಾನ್ ಹತ್ತುವುದಕ್ಕೆ ಸಂಘದ ಸಾಲದ ಕಂತೋ ಮಕ್ಕಳ ಶಾಲೆಯ ಶುಲ್ಕವೋ ಕಾರಣವಾಗಿರುತ್ತದೆ, ಆದರೆ ಸಾಲ ತೀರಿದ ಮೇಲೂ ಅವರು ಕೆಲಸ ಬಿಡದಿರುವುದಕ್ಕೆ ಕಾರಣ ಬೇರೆ. 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನಲ್ಲಿ ಅದು ಎಲ್ಲರಿಗೂ ಕಾಣಿಸಿತು. ಭವಿಷ್ಯನಿಧಿಯಲ್ಲಿ (ಪಿಎಫ್) ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ವರ್ಷದ ಫೆಬ್ರವರಿಯಲ್ಲಿ ನಿಯಮ ತಂದಿತ್ತು. ಸೂಪರ್‌ವೈಸರ್ ಬೈದರೂ ತಲೆ ತಗ್ಗಿಸಿ ಟಾರ್ಗೆಟ್ ಮುಗಿಸುತ್ತಿದ್ದ ಸಾವಿರಾರು ಹೆಂಗಸರು, ಯಾವ ದೊಡ್ಡ ನಾಯಕರಿಗೂ ಕಾಯದೆ, ಹೊಸೂರು ರಸ್ತೆ, ತುಮಕೂರು ರಸ್ತೆಗಳಿಗೆ ಇಳಿದರು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಹಿಂಪಡೆಯಿತು. ಕಡಿಮೆ ಕೂಲಿಯನ್ನು ವರ್ಷಗಟ್ಟಲೆ ಸಹಿಸಿಕೊಂಡವರು ಪಿಎಫ್‌ಗೆ ಕೈಹಾಕಿದಾಗ ಸಿಡಿದೆದ್ದದ್ದೇಕೆ? ಸಂಬಳ ಬಂದ ವಾರದಲ್ಲೇ ಮನೆಯ ಖರ್ಚಿಗೆ ಕರಗಿಹೋಗುತ್ತದೆ, ಆದರೆ ಪಿಎಫ್ ಹಣವನ್ನು ಗಂಡನಾಗಲಿ ಅತ್ತೆಯಾಗಲಿ ಕೇಳಿ ಪಡೆಯುವುದು ಸುಲಭವಲ್ಲ. ಮಗಳ ಮದುವೆಗೋ ಒಂದು ಸೈಟಿಗೋ ಅವರು ಮನಸ್ಸಿನಲ್ಲೇ ಎತ್ತಿಟ್ಟ ದುಡ್ಡು ಅದು.

ಇನ್ನು ಮಧ್ಯಾಹ್ನದ ಊಟದ ಅರ್ಧ ಗಂಟೆಯಿದೆ. ಬುತ್ತಿ ಬಿಚ್ಚಿ, ಒಬ್ಬರ ಮುದ್ದೆಗೆ ಇನ್ನೊಬ್ಬರ ಉಪ್ಪೆಸರು ಹಾಕಿಕೊಂಡು, ಮನೆಯಲ್ಲಿ ಆಡಲಾಗದ ಮಾತುಗಳನ್ನು ಅಲ್ಲಿ ಆಡುತ್ತಾರೆ. ಹಾಗೆಂದು ಆ ಕೆಲಸ ಸುಖದ್ದೆಂದು ನಾನು ಹೇಳುತ್ತಿಲ್ಲ. ನಸುಕಿಗೇ ಎದ್ದು ಅಡುಗೆ ಮುಗಿಸಿ ಹೊರಡುವವರು ಸಂಜೆ ಬಂದು ಮತ್ತೆ ಒಲೆಯ ಮುಂದೆಯೇ ನಿಲ್ಲಬೇಕು. ನಿಮ್ಮ ಮನೆಯಲ್ಲಿ ಆ ಹೊತ್ತಿನ ಅಡುಗೆ ಯಾರದೆಂದು ನೀವು ಬರೆದಿಲ್ಲ.

ಕೆಲಸ ಬಿಡುವುದೂ ಬಿಡದಿರುವುದೂ ಅವರ ತೀರ್ಮಾನ. ಆದರೆ ಒಂದು ವಿಷಯ ನಿಮಗೆ ತಿಳಿದಿರಲಿ: ಒಂದೇ ಕಡೆ ಸತತವಾಗಿ ಐದು ವರ್ಷ ದುಡಿದ ಕಾಯಂ ನೌಕರರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ವೇತನದ ಲೆಕ್ಕದಲ್ಲಿ, ಕೆಲಸ ಬಿಡುವಾಗ ಗ್ರಾಚ್ಯುಟಿ ಎಂಬ ಇಡುಗಂಟು ಸಿಗುತ್ತದೆ. ನಾಲ್ಕು ವರ್ಷ ಮುಗಿಸಿರುವ ನಿಮ್ಮ ಪತ್ನಿ ಆ ಲೆಕ್ಕವನ್ನು ಈಗಾಗಲೇ ಹಾಕಿಟ್ಟಿರಬಹುದು, ಕೇಳಿ ನೋಡಿ.