ಉಲ್ಟಾ ಜಂಪ್ ಕೊಟ್ಟ ಮಾರಿಸ್ ಮೈನರ್: ಬ್ಯಾಟರಿ ಕೊಳ್ಳುವ ಮುಂಚೆ ಇದನ್ನು ನೋಡಿ

ಚಿಂತಾಮಣಿ ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಂದಿ ಬೆಟ್ಟದ ಬುಡದಲ್ಲಿ ನಿಮ್ಮ 1955ರ ಮಾರಿಸ್ ಮೈನರ್ ಕಾರು ನಿಂತುಹೋಯಿತು. ಟೊಮೆಟೊ ಇಳಿಸಿ ಬರುತ್ತಿದ್ದ ಪಿಕಪ್‌ನವನು ತನ್ನ ಬ್ಯಾಟರಿಯಿಂದ ಜಂಪ್ ಕೊಡಲು ಕೆಂಪು ವೈರನ್ನು ನಿಮ್ಮ ಬ್ಯಾಟರಿಗೂ ಕಪ್ಪು ವೈರನ್ನು ಬಾಡಿಗೂ ಹಾಕಿದ. ಕಿಡಿ ಹಾರಿತು, ವೈರ್ ಸುಟ್ಟ ವಾಸನೆ ಬಂತು, ಆದರೂ ಇಂಜಿನ್ ಸ್ಟಾರ್ಟ್ ಆಯಿತು. ಈಗ ಎಕ್ಸಿಲರೇಟರ್ ಕೊಟ್ಟಷ್ಟೂ ಚಾರ್ಜಿಂಗ್‌ನ ಕೆಂಪು ದೀಪ ಜೋರಾಗಿ ಉರಿಯುತ್ತದೆ, ಚಾರ್ಜ್ ಮಾಡುವ ಡೈನಮೋವನ್ನು ಬ್ಯಾಟರಿಗೆ ಜೋಡಿಸಿ ಬಿಡಿಸುವ ಕಟ್‌ಔಟ್ ಡಬ್ಬಿ ಟಕಟಕ ಅನ್ನುತ್ತದೆ, ಬೆಳಗ್ಗೆ ನೋಡಿದರೆ ಬ್ಯಾಟರಿ ಖಾಲಿ. ಇಷ್ಟೇ ಅಲ್ವಾ?

ಪಿಕಪ್‌ನವನನ್ನು ಬೈಯಬೇಡಿ. ಇವತ್ತಿನ ಎಲ್ಲಾ ಗಾಡಿಗಳಲ್ಲಿ ಬಾಡಿ ಅಂದರೆ ಮೈನಸ್. ಆದರೆ ಮೈನರ್ ಕಂಪನಿಯಿಂದ ಬಂದದ್ದೇ ಪ್ಲಸ್ ಅರ್ಥ್, ಅಂದರೆ ಬಾಡಿಗೆ ಸೇರುವುದು ಪ್ಲಸ್. ಅವನು ರೂಢಿಯಂತೆ ಹಾಕಿದ, ನಿಮ್ಮ ಗಾಡಿಗೆ ಅದು ಪೂರ್ತಿ ಉಲ್ಟಾ ಆಯಿತು. ಸ್ಟಾರ್ಟ್ ಆಗಿದ್ದೇ ನಿಮ್ಮನ್ನು ಮೋಸ ಮಾಡಿದ್ದು. ಈ ಸೆಲ್ಫ್ ಮೋಟರ್‌ಗೆ ಕರೆಂಟ್ ಯಾವ ಕಡೆಯಿಂದ ಕೊಟ್ಟರೂ ಅದೇ ದಿಕ್ಕಿಗೆ ತಿರುಗುತ್ತದೆ, ಯಾಕೆಂದರೆ ಒಳಗೆ ನಿಂತಿರುವ ಸುರುಳಿ (ಫೀಲ್ಡ್), ತಿರುಗುವ ಸುರುಳಿ (ಆರ್ಮೇಚರ್) ಎರಡೂ ಒಟ್ಟಿಗೆ ಉಲ್ಟಾ ಆಗುತ್ತವೆ. ಬಲ್ಬಿಗೂ ಹಾರ್ನಿಗೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಪಾಯಿಂಟ್ (ಕೂಡಿ ಬಿಡುವ ಲೋಹದ ತುದಿಗಳು) ಇರುವ ಇಗ್ನಿಷನ್ ಕೂಡ ಓಡುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ಆ ಕ್ಷಣವೇ ಸತ್ತಿರುತ್ತಿತ್ತು.

ಮೊದಲು ಬ್ಯಾಟರಿ. ಮೀಟರಿನ ಕೆಂಪು ಕಡ್ಡಿ ಪ್ಲಸ್‌ಗೆ, ಕಪ್ಪು ಮೈನಸ್‌ಗೆ ಇಡಿ. ಚಾರ್ಜ್ ಮಾಡಿ ಸ್ವಲ್ಪ ಹೊತ್ತು ಬಿಟ್ಟ ಮೇಲೆ 12.6 ವೋಲ್ಟ್ ಆಸುಪಾಸು ಇದ್ದರೆ ಸರಿ. ಅಂಕಿಯ ಮುಂದೆ ಮೈನಸ್ ಗುರುತು ಬಂದರೆ ಬ್ಯಾಟರಿಯೇ ಉಲ್ಟಾ ಚಾರ್ಜ್ ಆಗಿದೆ. ಪೂರ್ತಿ ಖಾಲಿಯಾದ ಬ್ಯಾಟರಿಯಲ್ಲಿ ಹೀಗಾಗುವುದುಂಟು. ಹಾಗಾಗಿದ್ದರೆ ಅದನ್ನು ಬಿಟ್ಟುಬಿಡಿ. ಹೊಸದು ತಂದರೂ ಅಂಗಡಿಯವರು ಅಭ್ಯಾಸಬಲದಿಂದ ಮೈನಸ್‌ನ್ನು ಬಾಡಿಗೆ ಕೊಟ್ಟಾರು, ಪಕ್ಕದಲ್ಲೇ ನಿಂತಿರಿ.

ನಿಮ್ಮ ನಿಜವಾದ ತೊಂದರೆ ಡೈನಮೋದಲ್ಲಿದೆ ಅಂತ ನನ್ನ ಲೆಕ್ಕ. ಅದರೊಳಗಿನ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಯಾವಾಗಲೂ ಉಳಿದಿರುತ್ತದೆ, ಅದರ ಬಲದಿಂದಲೇ ಡೈನಮೋ ಕರೆಂಟ್ ಹುಟ್ಟಿಸಲು ಶುರುಮಾಡುವುದು. ಉಲ್ಟಾ ಜಂಪ್‌ನಲ್ಲಿ ಇಂಜಿನ್ ಓಡಿದಾಗ ಆ ಅಯಸ್ಕಾಂತವೇ ತಿರುಗಿಹೋಗಿದೆ. ಈಗ ಡೈನಮೋ ಒಂದು ಕಡೆ, ಬ್ಯಾಟರಿ ಇನ್ನೊಂದು ಕಡೆ. ವೇಗ ಹೆಚ್ಚಿದಷ್ಟೂ ದೀಪ ಹೆಚ್ಚು ಉರಿಯುವುದು ಅದಕ್ಕೇ. ಕಟ್‌ಔಟ್ ಮುಚ್ಚಿದ ತಕ್ಷಣ ಎರಡೂ ಸೇರಿ ಭಾರಿ ಕರೆಂಟ್ ಹರಿಯುತ್ತದೆ, ಕಟ್‌ಔಟಿನ ಪಾಯಿಂಟ್ ಸುಡುತ್ತದೆ. ದಯವಿಟ್ಟು ಇನ್ನು ಗಾಡಿ ಓಡಿಸಬೇಡಿ.

ಸರಿಮಾಡುವುದು ಐದು ನಿಮಿಷದ ಕೆಲಸ, ಕೆಜಿಎಫ್‌ನ ಹಳೆ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ನನಗೆ ತೋರಿಸಿದ್ದು. ಬ್ಯಾಟರಿಯ ಪ್ಲಸ್ ಬಾಡಿಗೆ ಇರಲಿ. ಇಂಜಿನ್ ಬಂದ್, ಕೀ ಆಫ್. ಡೈನಮೋದಲ್ಲಿ ದೊಡ್ಡ ಟರ್ಮಿನಲ್ ಡಿ, ಸಣ್ಣದು ಎಫ್. ಎಫ್‌ನಲ್ಲಿರುವ ವೈರ್ ತೆಗೆಯಿರಿ. ಬ್ಯಾಟರಿಯ ಮೈನಸ್‌ನಿಂದ ಒಂದು ವೈರ್ ತಂದು ಆ ಎಫ್‌ಗೆ ಒಂದೆರಡು ಸೆಕೆಂಡು, ಎರಡು ಮೂರು ಸಲ ಮುಟ್ಟಿಸಿ. ಸಣ್ಣ ಕಿಡಿ ಬರುತ್ತದೆ, ಹೆದರಬೇಡಿ. ಕಿಡಿ ಬ್ಯಾಟರಿ ಹತ್ತಿರ ಆಗದಂತೆ ಮಾತ್ರ ನೋಡಿಕೊಳ್ಳಿ, ಅಲ್ಲಿ ಹೈಡ್ರೋಜನ್ ಇರುತ್ತದೆ. ವೈರ್ ವಾಪಸ್ ಹಾಕಿ.

ಸ್ಟಾರ್ಟ್ ಮಾಡುವ ಮುಂಚೆ ಕಟ್‌ಔಟ್ ಮುಚ್ಚಳ ತೆಗೆದು ನೋಡಿ. ಪಾಯಿಂಟ್ ಅಂಟಿಕೊಂಡಿದ್ದರೆ ಬ್ಯಾಟರಿ ರಾತ್ರಿಯೆಲ್ಲಾ ಡೈನಮೋ ಮೂಲಕ ಸೋರಿಹೋಗುತ್ತದೆ, ನಿಮ್ಮ ಬೆಳಗಿನ ಕಥೆ ಅದೇ ಇರಬಹುದು. ಪರೀಕ್ಷೆಗೆ ಮೀಟರಿನ ಆಂಪ್ಸ್ ಕಡೆ ಹೋಗಬೇಡಿ, ಸೋರಿಕೆ ಜಾಸ್ತಿ ಇದ್ದರೆ ಅದರ ಫ್ಯೂಸ್ ಹೋಗುತ್ತದೆ. ಬ್ಯಾಟರಿಯ ಮೈನಸ್ ಕೇಬಲ್ ಬಿಚ್ಚಿ ನಡುವೆ ಒಂದು 12 ವೋಲ್ಟ್ ಬ್ರೇಕ್ ಬಲ್ಬ್ ಹಾಕಿ. ಎಲ್ಲಾ ಆಫ್ ಇದ್ದೂ ಬಲ್ಬ್ ಉರಿದರೆ ಎಲ್ಲೋ ಸೋರುತ್ತಿದೆ. ಕಟ್‌ಔಟ್ ಪಾಯಿಂಟ್ ಸ್ವಲ್ಪ ಕಪ್ಪಾಗಿದ್ದರೆ ನುಣ್ಣನೆ ಗ್ಲಾಸ್ ಪೇಪರ್ ಸಾಕು, ಕರಗಿ ಗಡ್ಡೆ ಕಟ್ಟಿದ್ದರೆ ಬದಲಿಸಿ.

ಸುಟ್ಟ ವಾಸನೆ ಎಲ್ಲಿಂದ ಬಂತು ಅಂತ ಹುಡುಕಲೇಬೇಕು. ಕಪ್ಪು ವೈರ್ ಬಾಡಿಗೆ ಹಾಕಿದ್ದರು. ಇಂಜಿನ್ ಕೂತಿರುವುದು ರಬ್ಬರ್ ಮೇಲೆ. ಇಂಜಿನ್‌ಗೂ ಬಾಡಿಗೂ ನಡುವಿನ ಅರ್ಥ್ ಪಟ್ಟಿ ತುಕ್ಕು ಹಿಡಿದಿದ್ದರೆ ಸೆಲ್ಫಿನ ಕರೆಂಟೆಲ್ಲಾ ಚೋಕ್ ಕೇಬಲ್ ಹಿಡಿದು ಹೋಗುತ್ತದೆ. ಮುಳಬಾಗಿಲಿನಲ್ಲಿ ದೋಸೆಗೆ ನಿಂತು ವಾಪಸ್ ಬಂದಾಗ ನನ್ನ ಗಾಡಿಯಲ್ಲಿ ಇದೇ ಆಗಿತ್ತು, ಚೋಕ್ ಕೇಬಲ್ ಕೆಂಪಗೆ ಕಾದು ಪ್ಲಾಸ್ಟಿಕ್ ಹೊದಿಕೆ ಕರಗಿತ್ತು. ನಾನು ಸುಮ್ನೆ ಕಾರ್ಬೊರೇಟರ್ ಬೈದುಕೊಂಡು ಒಂದು ವಾರ ಕಳೆದೆ.

ಕೊನೆಗೊಂದು ಮಾತು. ನಿಮ್ಮ ಗಾಡಿಗೆ ಕೈಯಿಂದ ಇಂಜಿನ್ ತಿರುಗಿಸುವ ಹ್ಯಾಂಡಲ್ ಇದೆ ಸರ್! ಬ್ಯಾಟರಿಯಲ್ಲಿ ದೀಪ ಮಿಣಕುವಷ್ಟು ಜೀವ ಇದ್ದರೆ ಸಾಕು, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು ಕೆಳಗಿನಿಂದ ಮೇಲಕ್ಕೆ ಎಳೆಯಿರಿ. ಹೆಬ್ಬೆರಳು ಮಾತ್ರ ಉಳಿದ ಬೆರಳುಗಳ ಕಡೆಗೇ ಇರಲಿ, ಸುತ್ತಿ ಹಿಡಿದರೆ ಇಂಜಿನ್ ಒದ್ದಾಗ ಮುರಿಯುತ್ತದೆ. ಎಫ್‌ಗೆ ಮುಟ್ಟಿಸಿದ ಮೇಲೆ ಕೆಂಪು ದೀಪ ಆರಿತಾ ಇಲ್ವಾ ಅಂತ ಇಲ್ಲೇ ಬರೆಯಿರಿ.