1906ರ ಭೂಕಂಪದಲ್ಲಿ ಸ್ಯಾನ್ ಫ್ರಾನ್ಸಿಸ್ಕೋಗೆ ಏನಾಯಿತು? ಈಗ ಅದರ ಗುರುತು ಏನಾದರೂ ಉಳಿದಿದೆಯೇ?

ನೀವು ಕೇಳಿದ ಗುರುತನ್ನು ನಾನು ದಿನಾ ತುಳಿದುಕೊಂಡೇ ಆಫೀಸಿಗೆ ಹೋಗುತ್ತೇನೆ. ಇಲ್ಲಿ ಹಲವು ಕಡೆ ನಾಲ್ಕು ರಸ್ತೆ ಕೂಡುವಲ್ಲಿ, ಡಾಂಬರಿನ ನಡುವೆ ಇಟ್ಟಿಗೆಯ ದೊಡ್ಡ ವೃತ್ತ ಕಾಣುತ್ತದೆ. ಸುಮ್ನೆ ಚೆಂದಕ್ಕೆ ಮಾಡಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಕೆಳಗಿರುವುದು ಸಂಪ್! ನಮ್ಮ ಬೆಂಗಳೂರಿನ ಮನೆಗಳಲ್ಲಿ ಇರುತ್ತಲ್ಲ, ಅದೇ. ಆದರೆ ಸಾಮಾನ್ಯವಾಗಿ ಒಂದೊಂದರಲ್ಲಿ ಸುಮಾರು 2.8 ಲಕ್ಷ ಲೀಟರ್ ನೀರು, ಅದೂ ಬೆಂಕಿ ಆರಿಸಲಿಕ್ಕೆ.

ಯಾಕೆ ಅಂದರೆ, ಆಗ ಈ ಊರನ್ನು ಜಾಸ್ತಿ ಹಾಳು ಮಾಡಿದ್ದು ಬೆಂಕಿ. 1906ರ ಏಪ್ರಿಲ್ 18, ಬೆಳಿಗ್ಗೆ 5:12. ತೀವ್ರತೆ ಸುಮಾರು 7.9. ನೆಲ ಅಲುಗಿದ್ದು ಒಂದು ನಿಮಿಷದಷ್ಟು. ಅಷ್ಟರಲ್ಲೇ ನೀರಿನ ಪೈಪೂ ಒಡೆಯಿತು, ಗ್ಯಾಸ್ ಪೈಪೂ ಒಡೆಯಿತು. ಬೆಂಕಿ ಹತ್ತಿದರೆ ನಲ್ಲಿಯಲ್ಲಿ ನೀರಿಲ್ಲ. ಫೈರ್ ಚೀಫ್ ಡೆನಿಸ್ ಸಲಿವನ್ ಆ ಬೆಳಿಗ್ಗೆಯೇ ಪೆಟ್ಟು ತಿಂದು ಹಾಸಿಗೆ ಹಿಡಿದರು, ಮತ್ತೆ ಏಳಲಿಲ್ಲ. ಹೇಸ್ ವ್ಯಾಲಿ ಬಡಾವಣೆಯಲ್ಲಿ ಒಬ್ಬಾಕೆ ತಿಂಡಿ ಮಾಡಲು ಒಲೆ ಹಚ್ಚಿದರಂತೆ, ಚಿಮಣಿ ಬಿರುಕು ಬಿಟ್ಟಿತ್ತು. ಆ ಬೆಂಕಿಗೆ ಇವತ್ತಿಗೂ 'ಹ್ಯಾಮ್ ಅಂಡ್ ಎಗ್ಸ್ ಬೆಂಕಿ' ಅಂತಲೇ ಹೆಸರು. ಬೆಂಕಿಗೆ ಅಡ್ಡ ಹಾಕಲು ಡೈನಮೈಟ್ ಇಟ್ಟು ಕಟ್ಟಡ ಉರುಳಿಸಿದರು. ಕೆಲವು ಕಡೆ ಅದರಿಂದಲೇ ಹೊಸ ಬೆಂಕಿ ಎದ್ದಿತು. ಸುಮಾರು 28,000 ಕಟ್ಟಡ ಹೋದವು. ನಾಲ್ಕು ಲಕ್ಷ ಜನರ ಊರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಮನೆ ಇಲ್ಲದಾಯಿತು. ಸತ್ತವರು 3,000ದ ಆಸುಪಾಸು ಅಂತ ಈಗಿನ ಲೆಕ್ಕ. ಆಗ ಅಧಿಕಾರಿಗಳು ಹೇಳಿದ್ದು ಕೆಲವೇ ನೂರು.

ಹಾಗೆ ಕಮ್ಮಿ ಹೇಳಿ ಭೂಕಂಪವನ್ನು ಸಣ್ಣದು ಮಾಡಿದ್ದರಲ್ಲಿ ವ್ಯಾಪಾರದ ಲೆಕ್ಕಾಚಾರವೂ ಇತ್ತು ಅಂತ ನನಗನಿಸುತ್ತದೆ. ಬೆಂಕಿ ಯಾವ ಊರಲ್ಲಾದರೂ ಬೀಳಬಹುದು, ಆದರೆ ನೆಲವೇ ಅಲುಗುವ ಊರಲ್ಲಿ ಯಾರು ದುಡ್ಡು ಹಾಕುತ್ತಾರೆ, ಅಲ್ವಾ? ಇನ್ಶೂರೆನ್ಸ್ ಕೂಡ ಸಾಮಾನ್ಯವಾಗಿ ಬೆಂಕಿಗೆ ಮಾತ್ರ ಇತ್ತು. ಹಾಗಾಗಿ ಕುಸಿದ ಮನೆಗೆ ತಾವೇ ಕಡ್ಡಿ ಗೀರಿದವರೂ ಇದ್ದರು.

ಚೀನೀಯರ ಬಡಾವಣೆ ಚೈನಾಟೌನ್‌ನದು ಬೇರೆಯೇ ಕಥೆ. 1882ರ ಕಾನೂನಿನಿಂದ ಚೀನಾದ ಕೂಲಿಯವರು ಅಮೆರಿಕಕ್ಕೆ ಬರುವ ಹಾಗಿರಲಿಲ್ಲ. ಬೆಂಕಿಯಲ್ಲಿ ಊರಿನ ಜನನ ದಾಖಲೆಗಳು ಸುಟ್ಟುಹೋದವು. 'ನಾನು ಇಲ್ಲೇ ಹುಟ್ಟಿದವನು' ಅಂದರೆ ಸುಳ್ಳು ಅನ್ನಲು ಕಾಗದವೇ ಇಲ್ಲ! ಹಾಗೆ ಪೌರತ್ವ ಪಡೆದವರು ಚೀನಾದಲ್ಲಿ ತಮಗೆ ಮಕ್ಕಳಿದ್ದಾರೆ ಅಂತ ಬರೆಸಿದರು. ಆ ಹೆಸರಿನಲ್ಲಿ ಬೇರೆ ಹುಡುಗರು ಬಂದರು. ಅವರೇ 'ಕಾಗದದ ಮಕ್ಕಳು'. 1910ರಿಂದ ಇಲ್ಲಿನ ಕೊಲ್ಲಿಯ ಏಂಜೆಲ್ ಐಲ್ಯಾಂಡ್ ದ್ವೀಪದಲ್ಲಿದ್ದ ವಲಸಿಗರ ತಪಾಸಣಾ ಕೇಂದ್ರದಲ್ಲಿ ಅವರನ್ನು ಕೂರಿಸಿ, ನಿಮ್ಮ ಮನೆಗೆ ಎಷ್ಟು ಮೆಟ್ಟಿಲು, ಅಕ್ಕಿ ಡಬ್ಬ ಎಲ್ಲಿಡುತ್ತಾರೆ ಅಂತೆಲ್ಲ ಪ್ರಶ್ನೆ ಕೇಳುತ್ತಿದ್ದರು. ಉರು ಹೊಡೆದುಕೊಂಡು ಬಂದವರು ಪಾಸು.

ನೋಡಲೇಬೇಕಾದದ್ದು ಇನ್ನೊಂದಿದೆ. ಡೊಲೋರೆಸ್ ಪಾರ್ಕ್ ಹತ್ತಿರ, ಚರ್ಚ್ ಬೀದಿ ಮತ್ತು 20ನೇ ಬೀದಿ ಸೇರುವಲ್ಲಿ ಒಂದು ಪುಟ್ಟ ಫೈರ್ ಹೈಡ್ರೆಂಟ್, ಅಂದರೆ ಬೆಂಕಿ ಆರಿಸಲು ರಸ್ತೆ ಬದಿಯಲ್ಲಿಟ್ಟ ನೀರಿನ ಕೊಳಾಯಿ. 1906ರಲ್ಲಿ ಸುತ್ತ ಎಲ್ಲ ಒಣಗಿದಾಗ ಅದರಲ್ಲಿ ನೀರು ಬಂತು. ಫೈರ್ ಇಂಜಿನ್ ಎಳೆಯುವ ಕುದುರೆಗಳು ಸುಸ್ತಾಗಿದ್ದವು, ಮನೆ ಕಳೆದುಕೊಂಡ ಜನರೇ ಇಂಜಿನ್‌ಗೆ ಕೈಹಚ್ಚಿ ಏರು ಹತ್ತಿಸಿದರು. ಮಿಷನ್ ಬಡಾವಣೆಯ ಬಹುಭಾಗ ಉಳಿಯಿತು. ಪ್ರತಿ ಏಪ್ರಿಲ್ 18ರ ನಸುಕಿನಲ್ಲಿ ಅದಕ್ಕೆ ಚಿನ್ನದ ಬಣ್ಣ ಹೊಡೆಯುತ್ತಾರೆ. ನಾನೂ ಒಂದು ವರ್ಷ ಹೋಗಿ ಸ್ಪ್ರೇ ಡಬ್ಬಿ ಹಿಡಿದಿದ್ದೆ. ನೀವು ಹೋಗುವುದಾದರೆ ಹಳೇ ಜಾಕೆಟ್ ಹಾಕಿಕೊಳ್ಳಿ. ಚಳಿಯೂ ಇರುತ್ತದೆ, ತೋಳಿಗೆ ಬಣ್ಣವೂ ಹತ್ತುತ್ತದೆ.