ಸಾಫ್ಟ್‌ವೇರ್ ಕೆಲಸ ಬಿಟ್ಟು ಅಮೆರಿಕದ ಆರಂಭಿಕ ಇತಿಹಾಸದಲ್ಲಿ ಪಿಎಚ್‌ಡಿ ಮಾಡಬಹುದೇ? ಯಾವ ವಿಶ್ವವಿದ್ಯಾಲಯ ಒಳ್ಳೆಯದು? ಭಾರತೀಯರಿಗೆ ಅಲ್ಲಿ ಬೆಲೆ ಇದೆಯೇ?

ನಾನು ಬಿಟ್ಟು ಹೋದವನೇ. ಹಗಲು ಕೋಡ್, ರಾತ್ರಿ ಅಮೆರಿಕ ದೇಶ ಕಟ್ಟಿದ ಜೆಫರ್ಸನ್, ಹ್ಯಾಮಿಲ್ಟನ್ ಪತ್ರಗಳು. ಅಲ್ಲಿ ಹೋದ ಮೇಲೆ ಗೊತ್ತಾಯಿತು, ಈ ವಿಷಯದವರಿಗೆ ಸ್ವಾತಂತ್ರ್ಯ ಘೋಷಿಸಿದ 1776 ಅಂದರೆ ಶುರುವಲ್ಲ, ಕೊನೆಯ ಭಾಗ. 1607ರಲ್ಲಿ ಇಂಗ್ಲಿಷರು ನೆಲೆಯೂರಿದ ಜೇಮ್ಸ್‌ಟೌನ್, ಅದಕ್ಕೂ ಮುಂಚೆ ಸ್ಪೇನಿನವರು, ಎಲ್ಲರಿಗಿಂತ ಮೊದಲು ಮೂಲನಿವಾಸಿಗಳು. ದೊಡ್ಡವರ ಪತ್ರಗಳನ್ನು ಎಲ್ಲರೂ ಜಾಲಾಡಿಬಿಟ್ಟಿದ್ದಾರೆ. ಹಾಗಾಗಿ ನಾನು ವ್ಯಾಪಾರಿಗಳ ಲೆಕ್ಕದ ಪುಸ್ತಕ ಹಿಡಿದೆ. ಹಿಟ್ಟು, ರಮ್, ಕಾಕಂಬಿ.

ಅಲ್ಲೇ ಎಡವಿದೆ. ಬಾಸ್ಟನ್, ಫಿಲಡೆಲ್ಫಿಯಾ, ನ್ಯೂಯಾರ್ಕ್ ಎಲ್ಲ ಕಡೆಯೂ ಪೌಂಡ್, ಶಿಲ್ಲಿಂಗ್, ಪೆನ್ಸ್ (12 ಪೆನ್ಸ್‌ಗೆ ಒಂದು ಶಿಲ್ಲಿಂಗ್, 20 ಶಿಲ್ಲಿಂಗ್‌ಗೆ ಒಂದು ಪೌಂಡ್) ಅಂತಲೇ ಬರೆದಿರುತ್ತದೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿ ಕೂಡಿಸಿಬಿಟ್ಟೆ. ಎಂಜಿನಿಯರ್ ಅಲ್ವಾ! ಆದರೆ ಒಂದೊಂದು ವಸಾಹತಿನ ಪೌಂಡಿಗೆ ಒಂದೊಂದು ಬೆಲೆ. ಕ್ರಾಂತಿಗೆ ಮುಂಚಿನ ಆ ವರ್ಷಗಳಲ್ಲಿ ಒಂದೇ ಸ್ಪ್ಯಾನಿಷ್ ಬೆಳ್ಳಿ ಡಾಲರು ಲಂಡನ್ ಲೆಕ್ಕದಲ್ಲಿ 4 ಶಿಲ್ಲಿಂಗ್ 6 ಪೆನ್ಸ್, ಬಾಸ್ಟನ್‌ನಲ್ಲಿ 6 ಶಿಲ್ಲಿಂಗ್, ಫಿಲಡೆಲ್ಫಿಯಾದಲ್ಲಿ 7 ಶಿಲ್ಲಿಂಗ್ 6 ಪೆನ್ಸ್, ನ್ಯೂಯಾರ್ಕಿನಲ್ಲಿ 8. ಅಂದರೆ ನ್ಯೂಯಾರ್ಕಿನ 100 ಪೌಂಡ್ ಲಂಡನ್ನಿನಲ್ಲಿ ಸುಮಾರು 56. ಬಾಸ್ಟನ್ನಿನ 100 ಪೌಂಡ್ 75. ನನ್ನ ಪಟ್ಟಿಯಲ್ಲಿ ನ್ಯೂಯಾರ್ಕ್ ವ್ಯಾಪಾರ ಸುಮ್ನೆ ಉಬ್ಬಿ ಕೂತಿತ್ತು. ಅದು ಯಾಕೆ ಉಬ್ಬಿತು ಅಂತ ಒಂದು ಅಧ್ಯಾಯವನ್ನೇ ಬರೆದೆ! ಕೆಲವು ಪುಟಗಳಲ್ಲಿ ಮೊತ್ತದ ಪಕ್ಕ ಚಿಕ್ಕದಾಗಿ ‘ಸ್ಟರ್ಲಿಂಗ್’, ಅಂದರೆ ಲಂಡನ್ ಲೆಕ್ಕದ ಪೌಂಡ್, ಅಂತ ವ್ಯಾಪಾರಿಯೇ ಬರೆದಿದ್ದ. ಅದನ್ನೂ ಕಸ ಅಂತ ಬಿಟ್ಟಿದ್ದೆ. ಸೆಮಿನಾರಿನಲ್ಲಿ ಯಾರೋ ತಣ್ಣಗೆ ಕೇಳಿದರು, ಇದು ಯಾವ ಊರಿನ ಪೌಂಡ್? ಅಧ್ಯಾಯ ಹೋಯಿತು, ಅದರ ಜೊತೆ ಆ ವರ್ಷದ ಫೆಲೋಶಿಪ್ಪೂ.

ಆದ್ದರಿಂದ ಯಾವ ವಿಶ್ವವಿದ್ಯಾಲಯ ಅನ್ನುವ ಪ್ರಶ್ನೆಯೇ ನನಗೆ ತಪ್ಪು ಅನಿಸುತ್ತದೆ. ಕಾಗದ ಎಲ್ಲಿದೆ, ಅದನ್ನು ಓದಲು ಕಲಿಸುವವರು ಯಾರು ಅಂತ ಕೇಳಿ. ವೂಸ್ಟರ್‌ನ ಅಮೆರಿಕನ್ ಆಂಟಿಕ್ವೇರಿಯನ್ ಸೊಸೈಟಿ, ಫ್ರಾಂಕ್ಲಿನ್ ಮತ್ತು ಗೆಳೆಯರು 1731ರಲ್ಲಿ ಕಟ್ಟಿದ ಫಿಲಡೆಲ್ಫಿಯಾದ ಲೈಬ್ರರಿ ಕಂಪನಿ, ಪ್ರಾವಿಡೆನ್ಸ್‌ನ ಜಾನ್ ಕಾರ್ಟರ್ ಬ್ರೌನ್ ಲೈಬ್ರರಿ. ಇಂಥ ಹಳೆಯ ಕಾಗದಗಳ ಸಂಗ್ರಹವಿರುವ ಕಡೆ ಕೂತು ಓದಲು ಫೆಲೋಶಿಪ್ ಕೊಡುತ್ತಾರೆ. ಕಾಯಂ ಪ್ರೊಫೆಸರ್ ಹುದ್ದೆ ಮಾತ್ರ ತೀರಾ ಕಡಿಮೆ. ಸಂಬಳ ನೋಡಿ ಹೋಗುವುದಾದರೆ ಬೇಡ.

ಭಾರತೀಯ ಅಂತ ಹಿಂಜರಿಯಬೇಡಿ. 1782ರಲ್ಲಿ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ಹಡಗನ್ನು ಹಿಡಿದ ಪೆನ್ಸಿಲ್ವೇನಿಯಾದ ಹಡಗಿನ ಹೆಸರು ‘ಹೈದರ್ ಅಲಿ’. ನಮ್ಮ ಹೈದರನೇ! 1781ರಲ್ಲಿ ಅಮೆರಿಕದ ಯಾರ್ಕ್‌ಟೌನ್‌ನಲ್ಲಿ ಸೋತ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್ 1792ರಲ್ಲಿ ಶ್ರೀರಂಗಪಟ್ಟಣದ ಮುಂದೆ ಬಂದು ನಿಂತ. ಎರಡೂ ಕಡೆಯ ಕಾಗದ ಓದಬಲ್ಲವರು ಅಲ್ಲಿ ಜಾಸ್ತಿ ಇಲ್ಲ.

ಅರ್ಜಿ ಹಾಕುವ ಮುಂಚೆ 18ನೇ ಶತಮಾನದ ಒಂದು ಲೆಕ್ಕದ ಪುಸ್ತಕದ ಸ್ಕ್ಯಾನ್ ತೆರೆದು ನಾಲ್ಕು ಪುಟ ಓದಿ. ಆಕಳಿಕೆ ಬಂದರೆ ಕೆಲಸ ಬಿಡಬೇಡಿ.